ಹದಿನೇಳನೆಯ ಗುಡಿಯ ಬೀಗದಕೈ

ಇಲ್ಲದ ಗುಡಿಯೊಂದನ್ನು ನೋಡಿಕೊಳ್ಳಲು ವರ್ಷಕ್ಕೆ ಎಷ್ಟು ಖರ್ಚು ಎಂದು ಕೇಳಿದರೆ ನಾನು ಬಾಯಿಲೆಕ್ಕದಲ್ಲೇ ಹೇಳಬಲ್ಲೆ. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲು, ಅಲಗು ಸೇರಿ ಒಂಬತ್ತು ಸಾವಿರ ಯೆನ್. ಪ್ರತಿ ತಿಂಗಳು ಹದಿನೆಂಟರಂದು ಇಡುವ ಅಕ್ಕಿ, ಮೇಣದಬತ್ತಿ, ಊದುಬತ್ತಿಗೆ ಏಳು ಸಾವಿರ. ಹಿಮ ಬೀಳುವ ಮುಂಚೆ ಕಲ್ಲಿನ ಮೆಟ್ಟಿಲಿಗೆ ಹೊದಿಸುವ ಹಲಗೆ ಎರಡು ವರ್ಷಕ್ಕೆ ಕೊಳೆಯುತ್ತದೆ, ಅದಕ್ಕೆ ನಾಲ್ಕು ಸಾವಿರ. ಇನ್ನು ಹನ್ನೆರಡು ಬೆಳಗ್ಗೆ ನನ್ನ ಗಾಡಿ ಒಂದೂವರೆ ಗಂಟೆ ತಡವಾಗಿ ಹೊರಡುತ್ತದೆ. ಅಷ್ಟರಲ್ಲಿ ಕೆಳಗಿನ ಊರುಗಳ ಮುದುಕಿಯರು ರಸ್ತೆಯಲ್ಲಿ ಕಾದು, ಬೈದು, ಒಳಗೆ ಹೋಗಿ ನಿನ್ನೆಯ ಸಾರನ್ನೇ ಬಿಸಿಮಾಡಿಕೊಂಡಿರುತ್ತಾರೆ. ಅದಕ್ಕೆ ನಾನು ಬೆಲೆ ಕಟ್ಟಿಲ್ಲ.

ಗುಡಿ ನಿಂತಿದ್ದಾಗ ಇನ್ನೂ ದುಬಾರಿಯಾಗಿತ್ತು. ಒಂದು ಚಳಿಗಾಲಕ್ಕೆ ಆರು ಸಲ ಮಾಡಿನ ಮೇಲಿನ ಹಿಮ ಎತ್ತಿಹಾಕಬೇಕು. ಅಪ್ಪ ಎಪ್ಪತ್ತರ ನಂತರವೂ ಹತ್ತುತ್ತಿದ್ದ. ನಾನು ಕೆಳಗೆ ನಿಂತು ಅವನ ಸೊಂಟದ ಹಗ್ಗ ಹಿಡಿಯುತ್ತಿದ್ದೆ. ಹದಿನೆಂಟು ವರ್ಷದ ಹಿಂದೆ ಅವನು ಸತ್ತ, ಅದೇ ಚಳಿಗಾಲದಲ್ಲಿ ಗುಡಿಯೂ ಕುಸಿಯಿತು. ಮರಮುಟ್ಟನ್ನೆಲ್ಲ ನಾನೊಬ್ಬಳೇ ಸಾಗಿಸಿದೆ. ಗುಡಿ ಹೋದರೂ ಸರದಿ ಹೋಗಲಿಲ್ಲ.

ಸರದಿಯೆಂದರೆ ಹೀಗೆ. ನಮ್ಮ ಕಣಿವೆಯ ಉದ್ದಕ್ಕೂ ಕರುಣೆಯ ದೇವತೆ ಕನ್ನೋನ್ ತಾಯಿಯ ಮೂವತ್ತಮೂರು ಗುಡಿಗಳ ಯಾತ್ರೆ ಇತ್ತು. ಹದಿನೇಳನೆಯದು ನಮ್ಮೂರು ಮೇಲಿನ ಸುಗೆಯದು, ಹದಿನೆಂಟನೆಯದು ಹೊಳೆದಂಡೆಯ ಊರು ಕೆಳಗಿನ ಸುಗೆಯದು. ನಮ್ಮ ತಾಯಿ ಕಂಚಿನವಳು, ಕಪ್ಪು ಅರಗು ಬಳಿದ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತಿದ್ದಳು. ಮೂವತ್ತಮೂರು ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆಗೆಯುವುದು. ನಡುವೆ ಯಾರೂ ನೋಡುವ ಹಾಗಿಲ್ಲ. ಪೆಟ್ಟಿಗೆಯ ಬೀಗದಕೈ ಒಂದೊಂದು ಮನೆಯಲ್ಲಿ ಮೂರು ಮೂರು ವರ್ಷ ಇರುತ್ತದೆ. ಇದ್ದಷ್ಟು ದಿನ ಗುಡಿಯ ಕೆಲಸವೆಲ್ಲ ಆ ಮನೆಯದು. ಅವಧಿ ಮುಗಿದ ವಸಂತದಲ್ಲಿ ಕೊಡುವವರು, ತೆಗೆದುಕೊಳ್ಳುವವರು, ಊರಿನ ಯಜಮಾನ, ಮೂವರೂ ಒಂದೇ ಬಟ್ಟಲಿನಿಂದ ಮೂರು ಮೂರು ಗುಟುಕು ಅಕ್ಕಿ ಮದ್ಯ ಕುಡಿಯುತ್ತಾರೆ. ಕುಡಿದರೆ ಸರದಿ ಮುಗಿಯಿತು. ಕುಡಿಯದೆ ಇದ್ದರೆ ಮುಗಿಯಲಿಲ್ಲ.

ಅಪ್ಪನ ಕೈಗೆ ಬೀಗದಕೈ ಬಂದದ್ದು ನಲವತ್ತೊಂದು ವರ್ಷದ ಹಿಂದೆ. ಮರುವರ್ಷವೇ ಬಾಗಿಲು ತೆಗೆಯುವ ಹಬ್ಬ. ಇಡೀ ಕಣಿವೆ ಬಂದು ನಿಂತಿತ್ತು. ಅಪ್ಪ ಬೀಗದಕೈ ಹಾಕಿದ, ತಿರುಗಲಿಲ್ಲ. ಎಣ್ಣೆ ಬಿಟ್ಟ, ತಿರುಗಲಿಲ್ಲ. ಭಿಕ್ಷುಗಳು ಮಂತ್ರವನ್ನು ಮೂರನೆಯ ಸಲ ಮೊದಲಿಂದ ಶುರುಮಾಡಿದರು. ಕೊನೆಗೆ ದಿಬ್ಬದ ಮನೆಯ ಜಿನ್‌ಪೆಯಿ ಸುತ್ತಿಗೆ ತಂದು ಬೀಗ ಒಡೆದ. ಒಳಗೆ ಏನೂ ಇರಲಿಲ್ಲ. ಇಲಿಯ ಹಿಕ್ಕೆ ಕೂಡ ಇರಲಿಲ್ಲ.

"ಬೀಗಾನೇ ಬದಲಾಯ್ಸಿದಾನೆ ಕಳ್ಳ," ಎಂದ ಜಿನ್‌ಪೆಯಿ, ಎಲ್ಲರ ಎದುರು.

ನಮ್ಮ ಮನೆಗೆ ಬರುವ ಮುಂಚೆ ಅದೇ ಬೀಗದಕೈ ಮೂರು ವರ್ಷ ಜಿನ್‌ಪೆಯಿಯ ಮನೆಯಲ್ಲೇ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವತ್ತಿನಿಂದ ನಮ್ಮ ಕೈಯಿಂದ ಆ ಬೀಗದಕೈಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅಪ್ಪನ ಸರದಿ ಸರಿಯಾಗಿ ಮುಗಿಯಿತೆಂದು ಒಪ್ಪಿದ ಹಾಗಾಗುತ್ತದೆ. ನಾವೂ ಅದನ್ನು ಎಸೆಯಲಿಲ್ಲ. ಎಸೆದರೆ ಕಳ್ಳತನ ಒಪ್ಪಿಕೊಂಡ ಹಾಗಾಗುತ್ತದೆ. ನಮ್ಮೂರಿನಲ್ಲಿ ಈಗ ಉಳಿದಿರುವುದು ಆರು ಮನೆ. ಪುರಸಭೆಯ ಸುತ್ತೋಲೆ ಮನೆಯಿಂದ ಮನೆಗೆ ಕೈ ಬದಲಾಯಿಸುತ್ತ ಬರುತ್ತದೆ, ನನ್ನ ಮನೆಯನ್ನು ಹಾರಿ ಮುಂದೆ ಹೋಗುತ್ತದೆ. ರಸ್ತೆಬದಿ ಹುಲ್ಲು ಕತ್ತರಿಸುವ ದಿನ ನನಗೆ ತಿಳಿಸುವುದಿಲ್ಲ, ಬರಲಿಲ್ಲವೆಂದು ದಂಡ ಮಾತ್ರ ಕೇಳುತ್ತಾರೆ. ನನ್ನದು ಓಡಾಡುವ ಅಂಗಡಿ, ಪುಟ್ಟ ಲಾರಿಯ ಬೆನ್ನಿಗೆ ಮೀನು, ತೋಫು, ತರಕಾರಿ, ಬ್ಯಾಟರಿ, ಬನಿಯನ್ನು. ಹದಿನಾಲ್ಕು ಊರಿನವರು ನನ್ನ ಹತ್ತಿರ ಕೊಳ್ಳುತ್ತಾರೆ. ಸ್ವಂತ ಊರಿನವರು ಕೊಳ್ಳುವುದಿಲ್ಲ.

ನನಗೀಗ ಅರವತ್ತಾರು. ಮಕ್ಕಳಿಲ್ಲ. ಸಾಯುವುದರೊಳಗೆ ಈ ಬೀಗದಕೈ ನನ್ನ ಮನೆಯಿಂದ ಆಚೆ ಹೋಗಬೇಕು ಎನ್ನುವುದೊಂದೇ ನನ್ನ ಆಸೆಯಾಗಿತ್ತು.

ಮೇ ತಿಂಗಳ ನಡುವೆ ಹೊರಿಕಿರಿ ಅಣ್ಣ ಬಂದ. ಮೂವತ್ತೆಂಟು ವರ್ಷ ಈ ಕಣಿವೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಕೊನೆಯ ಬಸ್ಸನ್ನೂ ಅವನೇ ಓಡಿಸಿದ್ದ. ಮೂವತ್ತಮೂರರಲ್ಲಿ ಒಂಬತ್ತು ಗುಡಿಗಳು ಈಗ ಇಲ್ಲ. ಆದರೆ ಅವುಗಳ ಹೆಸರು ಬಸ್ ನಿಲ್ದಾಣಗಳಿಗೆ ಉಳಿದುಕೊಂಡಿತ್ತು. ಇಲ್ಲದ ಗುಡಿಗಳ ಹೆಸರನ್ನು ಜೀವಮಾನವಿಡೀ ಕೂಗಿ ಜನರನ್ನು ಇಳಿಸಿದ್ದೇನಲ್ಲ, ಅವು ಎಲ್ಲಿದ್ದವೋ ನೋಡೋಣ ಎಂದು ಅವನಿಗೆ ಹಟ ಬಂದಿತ್ತು. ಒಂದೊಂದು ಜಾಗದಲ್ಲೂ ಒಂದು ಗುರುತಿನ ಕಂಬ ನೆಡುವ ಯೋಚನೆ. ಒಂಬತ್ತು ಕಂಬ ಮಾಡಿಸಿದ್ದ, ಹೊರಲು ಗಾಡಿ ಇರಲಿಲ್ಲ.

"ಹಿಸಾಯೊ ಅಕ್ಕ, ನಿನ್ನ ಮೀನಿನ ಜೊತೆ ನನ್ನ ಕಂಬಾನೂ ಸ್ವಲ್ಪ ಸುತ್ತಾಡ್ಸು," ಎಂದ.

"ಮೀನು ಮಾರಾಟ ಆಗತ್ತೆ. ನಿನ್ನ ಕಂಬ ಯಾರಿಗೆ ಬೇಕು ಡ್ರೈವರಣ್ಣ?"

"ಯಾರಿಗೂ ಬೇಡ. ಅದಕ್ಕೇ ನಾನು ನೆಡೋದು."

ಯಾರಿಗೂ ಬೇಡ ಎಂದದ್ದು ನಿಜವೇ ಆಯಿತು. ಆರನೆಯ ಗುಡಿಯ ಜಾಗದಲ್ಲಿ ದನದ ಕೊಟ್ಟಿಗೆ ಬಂದಿತ್ತು. ಅದರ ಯಜಮಾನ ಕೈಯಲ್ಲಿದ್ದ ಗೊಬ್ಬರದ ಗುದ್ದಲಿ ಕೆಳಗಿಡದೆಯೇ ಮಾತಾಡಿದ. "ಇಲ್ಲಿ ದೇವ್ರು ಇದ್ಳು ಅಂತ ಬರೆದ್ರೆ ನಾಳೆ ಪಟ್ಟಣದವ್ರು ಬಂದು ಬೂಟುಗಾಲಲ್ಲಿ ನನ್ನ ದನಗಳಿಗೆ ರೋಗ ಹಚ್ತಾರೆ. ಹೊರಡಿ." ಒಂಬತ್ತನೆಯದರಲ್ಲಿ ಒಬ್ಬ ಮುದುಕಿ ಹೊರಿಕಿರಿಯ ಮುಖ ನೋಡಿದ್ದೇ ತಡ, ಕಿಟಕಿಯ ಹಲಗೆ ಎಳೆದುಕೊಂಡಳು. "ಬಸ್ಸು ನಿಲ್ಲಿಸ್ದೋನು ಗುಡಿ ಹುಡುಕಕ್ಕೆ ಬಂದವ್ನೆ! ನನ್ನ ಮಂಡಿನೋವಿಗೆ ಬಸ್ಸು ತಗೊಂಡ್ ಬಾ ಹೋಗು!" ಎಂದು ಹಲಗೆಯ ಹಿಂದಿನಿಂದಲೇ ಕೂಗಿದಳು. ಹನ್ನೆರಡನೆಯದರ ಜಾಗದಲ್ಲಿ ನೆಟ್ಟ ಕಂಬವನ್ನು ನಾವು ತಿರುವು ದಾಟುವುದರೊಳಗೆ ಯಾರೋ ಕಿತ್ತು ಗದ್ದೆಯ ಕಾಲುವೆಗೆ ಅಡ್ಡ ಹಾಕಿದ್ದರು. ಹೊರಿಕಿರಿ ಇಳಿದು ಹೋಗಿ, ಅದನ್ನು ಎತ್ತಿ, ತೊಳೆದು, ಮತ್ತೆ ನೆಟ್ಟು ಬಂದ. ಕೋಪಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಕುಡುಕರು ವಾಂತಿ ಮಾಡಿದಾಗಲೂ ಹೀಗೆಯೇ ಮಾಡುತ್ತಿದ್ದ.

ಹದಿನೇಳನೆಯದಕ್ಕೆ ಊರಿನ ಯಜಮಾನನ ಒಪ್ಪಿಗೆ ಬೇಕಿತ್ತು. ಈಗ ಯಜಮಾನ ಅದೇ ಜಿನ್‌ಪೆಯಿಯೇ. ಎಂಬತ್ತಮೂರು ವಯಸ್ಸು, ನೆಟ್ಟಗಿನ ಬೆನ್ನು, ಮುಖಕ್ಕೆ ಮುಖ ಕೊಡದ ಮಾತು. ಅವನ ಮನೆಯ ಅಂಗಳಕ್ಕೆ ನಾನು ಕಾಲಿಟ್ಟು ನಲವತ್ತು ವರ್ಷವಾಗಿತ್ತು. ಹೊರಿಕಿರಿಯನ್ನು ಮುಂದೆ ಬಿಟ್ಟು ನಾನು ಗಾಡಿಯ ಹತ್ತಿರವೇ ನಿಂತೆ. ಜಿನ್‌ಪೆಯಿ ಜಗಲಿಯಲ್ಲಿ ಕೂತು ಕಾಡುಸೊಪ್ಪು ಸೋಸುತ್ತಿದ್ದ.

"ಕಂಬಾನಾ? ಯಾಕೆ?" ಎಂದ ಹೊರಿಕಿರಿಗೆ. "ಅಲ್ಲಿ ಏನಿತ್ತು ಅಂತ ಬರೀತೀಯ? ಕಳ್ಳ ಖಾಲಿ ಮಾಡಿದ ಗುಡಿ ಅಂತ ಬರೀತೀಯೇನು?"

"ಹದಿನೇಳನೆಯ ಗುಡಿ ಇದ್ದ ಜಾಗ, ಅಷ್ಟೇ ಯಜಮಾನ್ರೇ."

"ಆ ಜಾಗ ಒರತೆ ಮನೆಯವಳು ನೋಡ್ಕೊತಾಳೆ. ಅವಳ ಸರದಿ ಇನ್ನೂ ಮುಗಿದಿಲ್ಲ."

ಒರತೆ ಮನೆ ಎಂದರೆ ನಮ್ಮ ಮನೆ. ಆ ಮಾತು ಅವನು ಹೊರಿಕಿರಿಗೆ ಹೇಳಲಿಲ್ಲ, ನನಗೆ ಕೇಳಲೆಂದೇ ಹೇಳಿದ. ನಾನು ಜಗಲಿಯವರೆಗೆ ನಡೆದೆ. ಸೊಂಟದ ಚೀಲದಿಂದ ಬೀಗದಕೈ ತೆಗೆದು ಅವನ ಸೊಪ್ಪಿನ ಪಕ್ಕದಲ್ಲಿಟ್ಟೆ. ಅಂಗೈಯಷ್ಟು ಉದ್ದದ ಕಬ್ಬಿಣ, ತುದಿಯಲ್ಲಿ ಎರಡು ಹಲ್ಲು.

"ಮುಗಿಸಿ ಯಜಮಾನ್ರೇ. ಗುಡಿ ಇಲ್ಲ, ಪೆಟ್ಟಿಗೆ ಇಲ್ಲ, ನಮ್ಮಪ್ಪನೂ ಇಲ್ಲ. ಯಾರ್ ಮನೇಲಿ ಇಟ್ರೂ ಇದು ಬರೀ ಕಬ್ಬಿಣ. ಮೂರು ಗುಟುಕು ಕುಡಿದು ಮುಗಿಸಿಬಿಡಿ."

ಅವನು ಸೊಪ್ಪಿನ ತೊಟ್ಟಿನಿಂದ ಅದನ್ನು ಜಗಲಿಯ ಅಂಚಿಗೆ ತಳ್ಳಿದ. ಕೈಯಲ್ಲಿ ಮುಟ್ಟಲಿಲ್ಲ.

"ಪೆಟ್ಟಿಗೆ ಒಳಗಿದ್ದೋಳನ್ನ ತಂದ್ಕೊಡು. ಬೀಗದಕೈ ಆಮೇಲೆ ತಗೋತೀನಿ. ಎಲ್ಲಿ ಮಾರಿದ್ನೋ ನಿಮ್ಮಪ್ಪ, ಅಲ್ಲಿಂದ ತಗೊಂಡ್ ಬಾ."

"ನಮ್ಮಪ್ಪ ಮಾರಿದ್ರೆ ನಮ್ಮ ಮನೆ ಮಾಡು ಇವತ್ತಿಗೂ ತಗಡಿಂದು ಇರ್ತಿತ್ತಾ?"

"ಮಾರಕ್ಕೆ ಬರದೆ ಮೋಸ ಹೋಗಿರ್ಬೇಕು. ದಡ್ಡ."

ಹೊರಿಕಿರಿ ನನ್ನ ತೋಳು ಹಿಡಿದು ಗಾಡಿಗೆ ಹತ್ತಿಸಿದ. ನಾನು ಒಂದು ಮೈಲಿ ದೂರ ಎರಡನೆಯ ಗೇರಿನಲ್ಲೇ ಗಾಡಿ ಓಡಿಸಿದೆನಂತೆ. ಕೊನೆಗೆ ಅವನು, "ಅಕ್ಕ, ಎಂಜಿನ್ ಅಳ್ತಾ ಇದೆ," ಎಂದ.

ಕೆಳಗಿನ ಸುಗೆಯ ಹದಿನೆಂಟನೆಯ ಗುಡಿ ಇನ್ನೂ ನಿಂತಿದೆ. ಅಲ್ಲಿ ಸರದಿ ಇಲ್ಲ, ಒತಾಕಿ ಮನೆತನದವರೇ ನೋಡಿಕೊಳ್ಳುತ್ತಾರೆ. ಈಗ ಆ ಮನೆಯಲ್ಲಿ ತೋಮಿ ಅಜ್ಜಿ ಒಬ್ಬಳೇ. ನನ್ನ ಗಾಡಿಯ ಗಿರಾಕಿ. ವಾರಕ್ಕೆರಡು ತೋಫು, ಒಂದು ಉಪ್ಪುಮೀನು, ಮಾತು ಮಾತ್ರ ಸೇರುಗಟ್ಟಲೆ. ಆ ಗುಡಿಯ ಪೆಟ್ಟಿಗೆಯನ್ನು ತೆರೆಯುವ ಪದ್ಧತಿಯೇ ಇಲ್ಲ. ಮೂವತ್ತಮೂರು ವರ್ಷಕ್ಕಲ್ಲ, ಯಾವ ಕಾಲಕ್ಕೂ ಇಲ್ಲ. ಹೊಳೆಯಲ್ಲಿ ತೇಲಿಬಂದ ಮರದ ಕನ್ನೋನ್ ಅದು, ಅಂಗೈಯಷ್ಟು ಚಿಕ್ಕದು, ಬೀಗದಕೈಯನ್ನು ಹಿರಿಯರು ಹೊಳೆಗೇ ಹಾಕಿಬಿಟ್ಟರು ಎಂದು ಆ ಊರಿನವರು ಹೇಳುತ್ತಾರೆ.

ಅಲ್ಲಿ ಕಂಬ ನೆಡುವ ಕೆಲಸವೇನೂ ಇರಲಿಲ್ಲ. ಗುಡಿಯ ಗೋಡೆಯ ಮೇಲೆ ಹಳೆಯ ಯಾತ್ರಿಕರು ಅಂಟಿಸಿದ ಹೆಸರಿನ ಚೀಟಿಗಳಿವೆ, ಬೇರೆ ಗುಡಿಗಳ ದಾರಿ ಏನಾದರೂ ಬರೆದಿದೆಯೇ ನೋಡಬೇಕು ಎಂದು ಹೊರಿಕಿರಿ ಹೇಳಿದ. ತೋಮಿ ಅಜ್ಜಿ ಬಾಗಿಲು ತೆಗೆದಳು. ಕೈಯಲ್ಲಿ ಪೊರಕೆ ಇತ್ತು.

"ನೋಡು, ಬೇಗ ನೋಡು. ಗೋಡೆ ಮಾತ್ರ. ಪೀಠದ ಹತ್ರ ಹೋಗ್ಬೇಡ, ಹಲಗೆ ಹಳೇದು."

ಅವನು ಗೋಡೆಗೆ ಮೂಗು ತಾಗಿಸಿ ಓದಲು ಶುರುಮಾಡಿದ. ನನಗೆ ಓದುವ ಹುಚ್ಚಿಲ್ಲ. ನಾನು ನೆಲ ನೋಡಿದೆ. ದಿನವಿಡೀ ಪೆಟ್ಟಿಗೆ ಎತ್ತಿ ಇಳಿಸುವವಳಿಗೆ ನೆಲ ನೋಡುವುದು ಅಭ್ಯಾಸ. ಎಲ್ಲಿ ಭಾರವಿದೆ, ಎಲ್ಲಿ ಹಲಗೆ ಬಾಗಿದೆ ಎಂದು ತಿಳಿಯದಿದ್ದರೆ ನನ್ನ ಗಾಡಿಯ ಸ್ಪ್ರಿಂಗ್ ಪಟ್ಟಿಗಳು ಮೂರು ತಿಂಗಳು ಬಾಳುವುದಿಲ್ಲ. ಪೀಠದ ಮೇಲೆ ಕಪ್ಪು ಪೆಟ್ಟಿಗೆ ಕೂತಿತ್ತು. ನಮ್ಮೂರಿನದರಂಥದ್ದೇ. ಎರಡನ್ನೂ ಒಬ್ಬನೇ ಬಡಗಿ ಮಾಡಿದ್ದೆಂದು ಎಲ್ಲರಿಗೂ ಗೊತ್ತು. ಪೀಠದ ಹಲಗೆ ನಡುವೆ ಬಾಗಿತ್ತು. ಕೆಳಗೆ ಬಗ್ಗಿ ನೋಡಿದೆ. ಬಾಗಿದ ಜಾಗಕ್ಕೆ ಸರಿಯಾಗಿ ನನ್ನ ತೊಡೆಯಷ್ಟು ದಪ್ಪದ ಚೆಸ್ಟ್‌ನಟ್ ಮರದ ಆಸರೆ ಕೊಟ್ಟಿದ್ದರು. ಅದರ ಕೆಳಗೆ ಚಪ್ಪಡಿ ಕಲ್ಲು.

"ಅಜ್ಜಿ," ಎಂದೆ, "ನಿಮ್ಮ ತಾಯಿ ಅಂಗೈಯಷ್ಟು ಅಲ್ವಾ? ಮರದೋಳು, ತೇಲಿ ಬಂದೋಳು?"

"ಹೂಂ. ಅದಕ್ಕೇನೀಗ?"

"ತೇಲೋ ತಾಯಿಗೆ ಇಷ್ಟು ದಪ್ಪದ ಆಸರೆ ಯಾಕೆ?"

ಪೊರಕೆಯ ಸದ್ದು ನಿಂತಿತು. ಹೊರಿಕಿರಿ ಗೋಡೆಯಿಂದ ಮುಖ ತಿರುಗಿಸಿದ. ನಾನು ಅಷ್ಟರಲ್ಲಿ ಎರಡೂ ಕೈ ಪೆಟ್ಟಿಗೆಯ ಅಡಿಗೆ ತೂರಿಸಿ ಒಂದು ಮೂಲೆ ಎತ್ತಿ ನೋಡಿದ್ದೆ. ಎರಡು ಮೂಟೆ ಅಕ್ಕಿಯ ಭಾರ ಇತ್ತು, ಒಂದಿಷ್ಟು ಹೆಚ್ಚೇ. ಮರವಲ್ಲ.

"ಮುಟ್ಬೇಡ!" ತೋಮಿ ಅಜ್ಜಿಯ ಪೊರಕೆ ನನ್ನ ಬೆನ್ನಿಗೆ ಬಿತ್ತು. "ಕಳ್ಳನ ಮಗಳೇ! ಕೈ ತೆಗಿ! ಗುಡಿ ಮೈಲಿಗೆ ಮಾಡಕ್ಕೆ ಬಂದ್ಯಾ!"

"ಹೊಡೀರಿ ಅಜ್ಜಿ. ಆದ್ರೆ ಹೇಳಿ, ಇದ್ರೊಳಗೆ ಯಾರು ಇದಾರೆ?"

"ನಮ್ಮ ತಾಯಿ!"

"ನಿಮ್ಮ ತಾಯಿ ಮರ. ಇವಳು ಕಂಚು."

ಅವಳು ಮತ್ತೊಮ್ಮೆ ಹೊಡೆದಳು. ಆದರೆ ಈ ಸಲದ ಏಟಿನಲ್ಲಿ ಜೋರಿರಲಿಲ್ಲ. ನಾನು ಬೀಗದಕೈ ತೆಗೆದೆ. ಅವಳು ಅದನ್ನು ನೋಡಿದಳು. ಆ ನೋಟದಲ್ಲೇ ನನಗೆ ಅರ್ಧ ತಿಳಿಯಿತು. ಹೊಸ ವಸ್ತು ಕಂಡವಳ ನೋಟ ಅದಲ್ಲ. ಬಹಳ ದಿನದಿಂದ ಹೆದರಿಕೊಂಡಿದ್ದ ವಸ್ತು ಎದುರಿಗೆ ಬಂದರೆ ಹಾಗೆ ನೋಡುತ್ತಾರೆ.

ಹಾಕಿದೆ. ತಿರುಗಿಸಿದೆ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು. ಒಳಗೆ ಟಕ್ ಎಂದು ಒಂದು ಸಣ್ಣ ಸದ್ದು. ನಾನು ಬಾಗಿಲು ತೆಗೆಯಲಿಲ್ಲ. ತೆಗೆಯುವ ವರ್ಷ ಅದಲ್ಲ, ತೆಗೆಯುವ ಹಕ್ಕೂ ನನ್ನದಲ್ಲ. ಹಾಗೆಯೇ ಹಿಂದಕ್ಕೆ ತಿರುಗಿಸಿ ಬೀಗ ಹಾಕಿದೆ.

ತೋಮಿ ಅಜ್ಜಿ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಪೊರಕೆಯ ಕಡ್ಡಿ ಕೀಳುತ್ತ ಮಾತಾಡಿದಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ.

ಅರವತ್ತೊಂದು ವರ್ಷದ ಹಿಂದೆ ಎರಡು ಆಳೆತ್ತರ ಹಿಮ ಬಿದ್ದು ಎರಡೂ ಊರಿನ ಗುಡಿಗಳ ಮಾಡು ಮುರಿದಿತ್ತಂತೆ. ಎರಡೂ ಪೆಟ್ಟಿಗೆಗಳನ್ನು ಚಾಪೆಯಲ್ಲಿ ಸುತ್ತಿ ಕೆಳಗಿನ ಸುಗೆಯ ಶಾಲೆಯಲ್ಲಿಟ್ಟರು. ಕರಗುವ ಮೊದಲು ಗಟ್ಟಿ ಹಿಮದ ಮೇಲೆ ಮೇಲಿನ ಊರಿನವರು ಜಾರುಬಂಡಿ ತಂದು ತಮ್ಮದನ್ನು ಒಯ್ದರು. ಪೆಟ್ಟಿಗೆಯನ್ನು ನೇರ ನೋಡಬಾರದು, ಉಸಿರು ತಾಗಬಾರದು. ಹಾಗಾಗಿ ಬಂದವರೆಲ್ಲ ಬಾಯಲ್ಲಿ ಮಡಿಸಿದ ಕಾಗದ ಕಚ್ಚಿಕೊಂಡು, ಮುಖ ಆಚೆ ತಿರುಗಿಸಿಕೊಂಡು, ತಡವಿ ತಡವಿ ಎತ್ತಿಟ್ಟುಕೊಂಡು ಹೋದರು. ಕಾಗದ ಕಚ್ಚಿದವನು ಇದು ಯಾವುದೆಂದು ಕೇಳುವಂತೆಯೂ ಇರಲಿಲ್ಲ.

"ನಮ್ಮ ಪೆಟ್ಟಿಗೆ ಮೊದಲಿಂದ್ಲೂ ಖಾಲಿ," ಎಂದಳು ತೋಮಿ ಅಜ್ಜಿ. "ನಮ್ಮತ್ತೆ ಸಾಯೋವಾಗ ಹೇಳಿದ್ರು. ಬುದ್ಧನ್ನೆಲ್ಲ ಎಸೀರಿ ಅಂತ ಸರ್ಕಾರದವ್ರು ಬಂದ ಕಾಲದಲ್ಲಿ ನಮ್ಮ ತಾಯಿನ ಯಾರೋ ಸುಟ್ರಂತೆ. ಪೆಟ್ಟಿಗೆ ಎತ್ತಕ್ಕೆ ಯಾರನ್ನೂ ಬಿಡ್ಬೇಡ, ಹಗುರ ಅಂತ ತಿಳಿಯತ್ತೆ ಅಂದ್ರು. ನಾನು ಹೋಗಿ ಎತ್ತಿ ನೋಡ್ದೆ. ಅಲ್ಲಾಡ್ಲಿಲ್ಲ."

"ಯಾವಾಗ?"

"ಐವತ್ತು ವರ್ಷ ಆಗತ್ತೆ ಈ ಶರತ್ಕಾಲಕ್ಕೆ."

ನಾನು ಮನಸ್ಸಿನಲ್ಲೇ ಕಳೆದೆ. ಅಪ್ಪನನ್ನು ಕಳ್ಳ ಎಂದದ್ದು ಅದಾದ ಹತ್ತು ವರ್ಷಕ್ಕೆ.

"ಅವತ್ತು ಹಬ್ಬಕ್ಕೆ ನೀವೂ ಬಂದಿದ್ರಿ. ಮುಂದಿನ ಸಾಲಲ್ಲೇ ನಿಂತಿದ್ರಿ."

"ನಿಂತಿದ್ದೆ."

"ಒಂದ್ ಮಾತು ಅಂದಿದ್ರೆ ಸಾಕಿತ್ತು ಅಜ್ಜಿ."

"ಅಂದಿದ್ರೆ ನಿಮ್ಮೂರಿನವ್ರು ಬಂದು ಇವಳನ್ನ ಹೊತ್ಕೊಂಡ್ ಹೋಗ್ತಿದ್ರು. ನಾವು ನೂರು ವರ್ಷದಿಂದ ಖಾಲಿ ಪೆಟ್ಟಿಗೆಗೆ ಕೈ ಮುಗೀತಿದ್ವಿ ಅಂತ ಇಡೀ ಕಣಿವೆ ನಗ್ತಿತ್ತು. ನಿಮ್ಮಪ್ಪ ಒಬ್ಬ. ನಾವು ಇಪ್ಪತ್ತೆರಡು ಮನೆ." ಅವಳು ಮುಖವೆತ್ತಿ ನೋಡಿದಳು. "ಈಗ್ಲೂ ನೀನು ಬಾಯಿ ಬಿಟ್ರೆ, ಬೀಗ ಮುರಿಯಕ್ಕೆ ಬಂದಿದ್ಲು ಅಂತ ಹೇಳ್ತೀನಿ. ಅಪ್ಪನ ಬುದ್ಧಿ ಮಗಳಿಗೂ ಬಂದಿದೆ ಅಂತ ಎಲ್ರೂ ನಂಬ್ತಾರೆ."

ಹೊರಿಕಿರಿ ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲು ಹಿಡಿದಿದ್ದ. ಅವಳು ಅವನ ಕಡೆ ಪೊರಕೆ ತೋರಿಸಿದಳು. "ಬರ್ದೆ ಅಂದ್ರೆ ಆ ಪುಸ್ತಕಾನ ಒಲೆಗೆ ಹಾಕ್ತೀನಿ ಡ್ರೈವರ್!" ಅವನು ಪೆನ್ಸಿಲು ಒಳಗಿಟ್ಟ.

ಮರುದಿನ ಹದಿನೆಂಟನೆಯ ತಾರೀಖು. ಖಾಲಿ ಜಾಗಕ್ಕೆ ಅಕ್ಕಿ ಇಟ್ಟು, ನೇರವಾಗಿ ದಿಬ್ಬದ ಮನೆಗೆ ಹೋದೆ. ಜಿನ್‌ಪೆಯಿ ಮುಖ ತೊಳೆಯುತ್ತಿದ್ದ.

"ಪೆಟ್ಟಿಗೆ ಒಳಗಿದ್ದೋಳನ್ನ ತಂದ್ಕೊಟ್ರೆ ಬೀಗದಕೈ ತಗೋತೀನಿ ಅಂದ್ರಿ. ಗಾಡಿ ಹತ್ತಿ."

"ಹುಚ್ಚು ಹಿಡೀತಾ?"

"ಹಿಡಿದಿದ್ರೆ ನಲವತ್ತು ವರ್ಷದ ಹಿಂದೇನೇ ಹಿಡೀಬೇಕಿತ್ತು. ಹತ್ತಿ ಯಜಮಾನ್ರೇ. ಇಲ್ದಿದ್ರೆ ಡ್ರೈವರಣ್ಣ ಬೇರೆ ಮೂವತ್ತೆರಡು ಊರಿಗೆ ಹೋಗಿ ಮಾತಾಡ್ತಾನೆ. ನಿಮ್ಮ ಕಿವಿಗೆ ಕೊನೇಲಿ ಬೀಳತ್ತೆ."

ಅವನು ಹತ್ತಿದ. ದಾರಿಯಲ್ಲಿ ಒಂದೇ ಒಂದು ಮಾತಾಡಿದ. "ಮೀನು ವಾಸನೆ." ನಾನು ಕಿಟಕಿ ಇಳಿಸಲಿಲ್ಲ.

ಹದಿನೆಂಟನೆಯ ಗುಡಿಯಲ್ಲಿ ಹೊರಿಕಿರಿ ಆಗಲೇ ಬಂದು ಕೂತಿದ್ದ. ತೋಮಿ ಅಜ್ಜಿ ಪೀಠಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಅವಳೂ ಜಿನ್‌ಪೆಯಿಯೂ ಒಬ್ಬರನ್ನೊಬ್ಬರು ನೋಡಿ ನಮಸ್ಕರಿಸಲಿಲ್ಲ.

"ಸರೀರಿ ಅಜ್ಜಿ," ಎಂದೆ. "ನಾನು ಬಾಗಿಲು ತೆಗೆಯಲ್ಲ. ನಿನ್ನೆನೂ ತೆಗೆದಿಲ್ಲ, ನಿಮಗೆ ಗೊತ್ತು."

ಅವಳು ಒಂದು ಹೆಜ್ಜೆ ಸರಿದಳು. ನಾನು ಬೀಗದಕೈ ಹಾಕಿ ತಿರುಗಿಸಿದೆ. ಟಕ್. ಮತ್ತೆ ಹಿಂದಕ್ಕೆ ತಿರುಗಿಸಿದೆ. ಟಕ್. ಆಮೇಲೆ ಜಿನ್‌ಪೆಯಿಯ ಕೈ ಹಿಡಿದು ಪೆಟ್ಟಿಗೆಯ ಅಡಿಗೆ ಇಟ್ಟೆ. "ಎತ್ತಿ."

ಅವನು ಎತ್ತಿ ನೋಡಿದ. ಕೈ ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗುಡಿಯ ಹೊರಗೆ ಯಾರದೋ ಗದ್ದೆಯ ಪಂಪು ಓಡುತ್ತಿತ್ತು.

"ಆ ಹಿಮದ ವರ್ಷ ಜಾರುಬಂಡಿ ಎಳ್ದಿದ್ದು ನಾನು," ಎಂದ, ಯಾರಿಗೂ ಅಲ್ಲದ ಹಾಗೆ. "ಇಪ್ಪತ್ತೆರಡು ವರ್ಷ ನಂಗೆ. ಹಗುರಾಗಿ ಬಂತು. ಹಿಮ ಗಟ್ಟಿಯಾಗಿದೆ ಅಂದ್ಕೊಂಡೆ."

ಹೊರಿಕಿರಿ ತಲೆ ತಗ್ಗಿಸಿದ. ಮುಗಿಯಿತು, ಈಗ ಒಂದು ಒಳ್ಳೆಯ ಮಾತು ಬರುತ್ತದೆ ಎಂದು ಅವನು ಕಾದಂತಿತ್ತು. ನಾನೂ ಕಾದೆ, ಸುಳ್ಳೇಕೆ ಹೇಳಲಿ. ಜಿನ್‌ಪೆಯಿ ಕೈ ಒರೆಸಿಕೊಂಡ.

"ನಾನೇನೂ ನೋಡ್ಲಿಲ್ಲ," ಎಂದ. "ಬಾಗಿಲು ತೆಗೆದಿಲ್ಲ. ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ."

"ಯಜಮಾನ್ರೇ!" ಹೊರಿಕಿರಿಯ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬೀಗ ತಿರುಗ್ತಲ್ಲ! ನೀವೇ ಎತ್ತಿ ನೋಡಿದ್ರಲ್ಲ!"

"ನೀನು ಸುಮ್ನಿರು. ಬಸ್ಸಿಂದ ಇಳಿದ್ಮೇಲೆ ಡ್ರೈವರ್ ಮಾತು ಯಾರೂ ಕೇಳಲ್ಲ." ಜಿನ್‌ಪೆಯಿ ನನ್ನ ಕಡೆ ತಿರುಗಿದ. ನಲವತ್ತು ವರ್ಷದಲ್ಲಿ ಮೊದಲ ಸಲ ನೇರ ಮುಖಕ್ಕೆ ಮಾತಾಡಿದ. "ಇವಳನ್ನ ವಾಪಸ್ ಒಯ್ದು ಎಲ್ಲಿಡ್ಲಿ? ಗುಡಿ ಯಾರು ಕಟ್ತಾರೆ? ಆರು ಮನೆ. ಎಲ್ಲರ ಬೆನ್ನೂ ಬಾಗಿದೆ. ಮಾಡಿನ ಹಿಮ ಯಾರು ಎತ್ತುತಾರೆ? ನೀನಾ?"

"ನಾನು ಎತ್ತಿದ್ದೀನಿ. ನಮ್ಮಪ್ಪ ಎತ್ತಿದ್ದಾನೆ. ಒಂದ್ ದಿನ ಯಾರಾದ್ರೂ ಹಗ್ಗ ಹಿಡಿಯಕ್ಕೆ ಬಂದ್ರಾ?"

ಅವನು ಬಾಗಿಲ ಕಡೆ ನೋಡಿದ.

"ಒಂದು ದಿನ ಎರಡೂ ಊರಿನವ್ರನ್ನ ಸೇರ್ಸಿ ಹೇಳಿ ಯಜಮಾನ್ರೇ," ಎಂದೆ. "ಪೆಟ್ಟಿಗೆ ಅದಲುಬದಲಾಯ್ತು, ನಮ್ಮಪ್ಪ ಮೊಸುಕೆ ಕಳ್ಳ ಅಲ್ಲ ಅಂತ. ಅಷ್ಟೇ. ತಾಯಿ ಇಲ್ಲೇ ಇರ್ಲಿ."

"ಹೇಳಿದ್ರೆ ನಾವು ಏನಾಗ್ತೀವಿ? ನಲವತ್ತು ವರ್ಷ ನಿಮ್ಮ ಮನೆ ಮುಂದೆ ಉಗುಳ್ದೋರು ಏನಾಗ್ತಾರೆ? ಸತ್ತೋರೂ ಇದಾರೆ ಅದ್ರಲ್ಲಿ. ನಮ್ಮವ್ವನೂ ಉಗುಳಿದ್ಲು."

"ನಾನೂ ಹೇಳಕ್ಕೆ ಬಿಡಲ್ಲ," ಎಂದಳು ತೋಮಿ ಅಜ್ಜಿ. ಹುಟ್ಟಿನಿಂದ ಆಗದವರಿಬ್ಬರು ಆ ಒಂದು ವಿಷಯಕ್ಕೆ ಒಂದಾದರು.

ಆಗ ನಾನು ನನ್ನ ಜೀವನದ ವ್ಯಾಪಾರಬುದ್ಧಿಯನ್ನೆಲ್ಲ ಒಟ್ಟುಮಾಡಿ ಯೋಚಿಸಿದೆ. ಎರಡು ವಸ್ತು ಕೇಳಿದ್ದೆ, ಅಪ್ಪನ ಹೆಸರು ಮತ್ತು ಸರದಿಯ ಬಿಡುಗಡೆ. ಎರಡೂ ಸಿಗುವುದಿಲ್ಲವೆಂದು ತಿಳಿದಾಗ ಹಟ ಹಿಡಿದವರಿಗೆ ಒಂದೂ ಸಿಗುವುದಿಲ್ಲ. ಸಾಯಂಕಾಲ ಉಳಿದ ಮೀನನ್ನು ಯಾವ ಬೆಲೆಗೆ ಕೊಡಬೇಕೆಂದು ನನಗೆ ಗೊತ್ತು.

"ಸರಿ. ನಾನು ಹೇಳಲ್ಲ," ಎಂದೆ. "ಆದ್ರೆ ಈ ಬೀಗದಕೈ ಇವತ್ತು ನನ್ನ ಕೈ ಬಿಡ್ಬೇಕು. ಇದು ಈ ಪೆಟ್ಟಿಗೇದು. ಪೆಟ್ಟಿಗೆ ಎಲ್ಲಿದೆಯೋ ಇದೂ ಅಲ್ಲಿರ್ಬೇಕು. ತೋಮಿ ಅಜ್ಜಿ ತಗೋತಾರೆ. ಯಜಮಾನ್ರು ಎದುರಿಗೆ ಕೂತು ಕುಡೀತಾರೆ. ಇಲ್ಲ ಅಂದ್ರೆ ಡ್ರೈವರಣ್ಣ ಪುಸ್ತಕ ತೆಗೀತಾನೆ."

ತೋಮಿ ಅಜ್ಜಿ ಬೀಗದಕೈಯನ್ನೇ ನೋಡುತ್ತಿದ್ದಳು. ಅದು ಬೇರೆಯವರ ಕೈಯಲ್ಲಿ ಇರುವಷ್ಟು ದಿನ ಅವಳಿಗೆ ನಿದ್ದೆ ಇಲ್ಲವೆಂದು ನನಗೆ ತಿಳಿದಿತ್ತು. "ತಾ," ಎಂದಳು.

ಗಾಡಿಗೆ ಹೋಗಿ ಗಾಜಿನ ಲೋಟದಲ್ಲಿ ಬರುವ ಅಕ್ಕಿ ಮದ್ಯ ಒಂದು ತಂದೆ. ಮುಚ್ಚಳ ಕಿತ್ತು ನಡುವೆ ಇಟ್ಟೆ. ಮೊದಲು ನಾನು ಮೂರು ಗುಟುಕು ಕುಡಿದೆ. ತೋಮಿ ಅಜ್ಜಿ ಮೂರು ಗುಟುಕು ಕುಡಿದು, ಬೀಗದಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎದೆಯ ಬಟ್ಟೆಯ ಮಡಿಕೆಯೊಳಗೆ ಸೇರಿಸಿಕೊಂಡಳು. ಲೋಟ ಜಿನ್‌ಪೆಯಿಯ ಮುಂದೆ ಬಂತು. ಅವನು ಅದನ್ನು ಹಿಡಿದುಕೊಂಡೇ ಕೂತ.

"ನಿಮ್ಮಪ್ಪ ಕಳ್ಳ ಅಲ್ಲ ಅಂತ ನಾನು ಹೇಳಿಲ್ಲ," ಎಂದ.

"ಹೇಳ್ಬೇಡಿ. ಕುಡೀರಿ."

ಒಂದು ಗುಟುಕು. ಎರಡು. ಮೂರನೆಯದು ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಅದು ಕೆಮ್ಮಿನದೆಂದೇ ಇಟ್ಟುಕೊಳ್ಳೋಣ. ಲೋಟ ಕೆಳಗಿಟ್ಟು, "ಒರತೆ ಮನೆ ಸರದಿ ಮುಗೀತು," ಎಂದ. ಯಜಮಾನನಾದವನು ಆ ಮಾತು ಹೇಳಲೇಬೇಕು, ಪದ್ಧತಿ. ವಾಪಸು ಬರುವಾಗ ನನ್ನ ಗಾಡಿ ಹತ್ತಲಿಲ್ಲ. ಎಂಬತ್ತಮೂರು ವರ್ಷದವನು ಮೂರು ಮೈಲಿ ಏರುದಾರಿ ನಡೆದೇ ಹೋದ. ನಾನು ಹಿಂದೆ ನಿಧಾನವಾಗಿ, ಅವನು ಬೀಳದ ಹಾಗೆ ನೋಡಿಕೊಳ್ಳುವಷ್ಟು ದೂರದಲ್ಲಿ, ಗಾಡಿ ಓಡಿಸಿದೆ. ಅವನು ಒಮ್ಮೆ ತಿರುಗಿ, "ಹಾರ್ನ್ ಹೊಡೆದು ಮುಂದೆ ಹೋಗು, ಶನಿ!" ಎಂದು ಬೈದ.

ಹದಿನೇಳನೆಯ ಜಾಗದಲ್ಲಿ ಹೊರಿಕಿರಿ ಕಂಬ ನೆಟ್ಟ. ಯಾರನ್ನೂ ಕೇಳಲಿಲ್ಲ, ಯಾರೂ ಕೀಳಲಿಲ್ಲ. ಅವನ ಪುಸ್ತಕದಲ್ಲಿ ಒಂಬತ್ತು ಕಳೆದುಹೋದ ಗುಡಿಗಳ ಪೈಕಿ ಎಂಟಕ್ಕೆ ಕಥೆ ಇದೆ, ಹದಿನೇಳನೆಯದರ ಪುಟ ಖಾಲಿ. ನಾನು ಅವನಿಗೆ ಒಂದು ಪೆಟ್ಟಿಗೆ ಒಣಮೀನು ಕೊಟ್ಟೆ. ಖಾಲಿ ಪುಟಕ್ಕೆ ಅದು ಸಾಲುವುದಿಲ್ಲ, ಇಬ್ಬರಿಗೂ ಗೊತ್ತು.

ಈಗ ಬೇಸಿಗೆ ಮುಗಿಯುತ್ತ ಬಂದಿದೆ. ಗುಡಿಯ ಜಾಗದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದು, ಕಂಬದ ತಲೆ ಮಾತ್ರ ಕಾಣುತ್ತದೆ. ನಾನು ಕತ್ತರಿಸಿಲ್ಲ. ಬೇರೆ ಯಾರೂ ಕತ್ತರಿಸಿಲ್ಲ. ಸುತ್ತೋಲೆ ಈಗಲೂ ನನ್ನ ಮನೆಯನ್ನು ಹಾರಿ ಹೋಗುತ್ತದೆ. ನನ್ನ ಊರಿನವರು ಈಗಲೂ ನನ್ನ ಹತ್ತಿರ ಏನೂ ಕೊಳ್ಳುವುದಿಲ್ಲ. ಅಪ್ಪ ಈಗಲೂ ಕಳ್ಳನೇ. ಹದಿನೆಂಟನೆಯ ತಾರೀಖು ನನ್ನ ಗಾಡಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಮುದುಕಿಯರಿಗೆ ತೋಫು ಬಿಸಿಲೇರುವ ಮೊದಲೇ ಸಿಗುತ್ತದೆ. ಅಪ್ಪನ ಹೆಸರು ಬರಲಿಲ್ಲ. ಬೀಗದಕೈ ಹೋಯಿತು.